ಜೂಲಿಗೆ ಊಟ ಹಾಕುವ ಕೈ ಎಷ್ಟು?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಬಾಗಲಕೋಟೆ ನವನಗರದವರು. ನಮ್ಮ ಮನೆಯ ಲ್ಯಾಬ್ರಡಾರ್ ಜೂಲಿಗೆ ಈಗ 6 ವರ್ಷ. ಮರಿ ಆಗಬಾರದು ಅಂತ ಎರಡು ವರ್ಷದ ಹಿಂದೆ ಆಪರೇಷನ್ ಮಾಡಿಸಿದ್ದೇವೆ. ಈಗ ತೂಕ 42 ಕೆಜಿ ಆಗಿದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾಳೆ. ಮಲಗಿದವಳು ಏಳುವಾಗ ಹಿಂಗಾಲು ಎಳೆಯುತ್ತಾಳೆ. ರಾತ್ರಿ ಎರಡು ಬಟ್ಟಲು ಅಂಗಡಿ ಫುಡ್ ಹಾಕುತ್ತೇವೆ, ಅದು ಬಿಟ್ಟರೆ ವಿಶೇಷ ಏನೂ ಇಲ್ಲ. ಬೆಳಿಗ್ಗೆ ಯಜಮಾನರು ಹಾಲು-ಬಿಸ್ಕಿಟ್ ಕೊಡುತ್ತಾರೆ, ಸ್ಕೂಲಿಗೆ ಹೋಗುವಾಗ ಮಕ್ಕಳು ಚಪಾತಿ ತಿನ್ನಿಸುತ್ತಾರೆ, ಮಧ್ಯಾಹ್ನ ಅತ್ತೆಯವರು ಎರಡು ರೊಟ್ಟಿ ಮೊಸರು ಹಾಕುತ್ತಾರೆ, ಸಂಜೆ ಚಹಾದ ಹೊತ್ತಿಗೆ ನಾಲ್ಕು ಬಿಸ್ಕಿಟ್, ಅಷ್ಟೇ. ಮಾವ ತೀರಿಕೊಂಡ ಮೇಲೆ ಅತ್ತೆಗೆ ಜೂಲಿಯೇ ಜೊತೆ. ಏನಾದರೂ ಹೇಳಿದರೆ 'ಬಾಯಿಲ್ಲದ ಜೀವ, ಒಂದ್ ರೊಟ್ಟಿ ಕೊಟ್ರ ಏನಾಗ್ತೈತಿ' ಅಂತಾರೆ. ಇದು ಥೈರಾಯ್ಡ್ ಇರಬಹುದಾ? ತೂಕ ಇಳಿಸೋಕೆ ಔಷಧ ಇದೆಯಾ?

ಉತ್ತರ: ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಜೂಲಿಗಾಗಿ, ಎರಡನೇ ಸಲ ನಿಮ್ಮ ಅತ್ತೆಯವರಿಗಾಗಿ. ಇಬ್ಬರ ಬಗ್ಗೆಯೂ ಬರೆಯುತ್ತೇನೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ತೊಂದರೆ ಬಗೆಹರಿಯುವುದಿಲ್ಲ.

ಮೊದಲು ಥೈರಾಯ್ಡ್ ಮಾತು ಮುಗಿಸಿಬಿಡೋಣ. ನಾಯಿಗಳಿಗೆ ಥೈರಾಯ್ಡ್ ಕಡಿಮೆ ಆಗುವ ಕಾಯಿಲೆ ಬರುತ್ತದೆ, ಅದೂ ನಡುವಯಸ್ಸಿನಲ್ಲೇ ಜಾಸ್ತಿ. ಆದರೆ ಆಗ ತೂಕ ಒಂದೇ ಏರುವುದಿಲ್ಲ. ಮೈಯ ಎರಡೂ ಬದಿ ಒಂದೇ ಥರ ಕೂದಲು ಉದುರುತ್ತದೆ, ಬಾಲ ಬೋಳಾಗುತ್ತದೆ, ಚರ್ಮ ಕಪ್ಪಾಗುತ್ತದೆ, ಚಳಿ ತಡೆಯುವುದಿಲ್ಲ, ನಾಯಿ ಮಂಕಾಗುತ್ತದೆ. ಇನ್ನೊಂದು ಹಾರ್ಮೋನ್ ಕಾಯಿಲೆ ಇದೆ, ಕುಶಿಂಗ್ಸ್ ಅಂತ. ಅದರಲ್ಲಿ ನಾಯಿ ವಿಪರೀತ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಹೊಟ್ಟೆ ಮಾತ್ರ ಜೋತು ಬೀಳುತ್ತದೆ. ತುರಿಕೆಗೆ ಮೇಲಿಂದ ಮೇಲೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡ ನಾಯಿಗಳಿಗೂ ಹಸಿವು ಕೆರಳಿ ಮೈ ಬರುತ್ತದೆ. ಜೂಲಿಗೆ ಇಂಥದ್ದೇನಾದರೂ ಆಗಿದೆಯಾ ನೋಡಿ, ನಿಮ್ಮ ಡಾಕ್ಟರಿಗೆ ತಪ್ಪದೆ ಹೇಳಿ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಮಾಡಿಸಬೇಡಿ ಅನ್ನುವುದಿಲ್ಲ. ಆದರೆ ರಿಪೋರ್ಟ್ ಬರಲಿ ಅಂತ ಕಾಯುತ್ತ ಕೂರಬೇಡಿ. ಕಾರಣ ನಿಮ್ಮ ಪತ್ರದಲ್ಲೇ ಇದೆ.

'ವಿಶೇಷ ಏನೂ ಇಲ್ಲ' ಅಂತ ಬರೆದಿದ್ದೀರಿ. ದಪ್ಪ ನಾಯಿ ಕರೆತಂದ ಪ್ರತಿಯೊಬ್ಬರೂ ನನ್ನ ಮುಂದೆ ಹೇಳುವ ಮಾತು ಇದು. ಅವರು ಯಾರೂ ಸುಳ್ಳು ಹೇಳುವುದಿಲ್ಲ. ಯಜಮಾನರಿಗೆ ತಾವು ಕೊಟ್ಟ ಹಾಲು ಗೊತ್ತು, ಅತ್ತೆಗೆ ತಾವು ಹಾಕಿದ ರೊಟ್ಟಿ ಗೊತ್ತು, ಮಕ್ಕಳಿಗೆ ಚಪಾತಿ ಗೊತ್ತು. ಒಬ್ಬೊಬ್ಬರದೂ ಸ್ವಲ್ಪವೇ. ಆ ಸ್ವಲ್ಪಗಳನ್ನೆಲ್ಲ ಕೂಡಿಸಿ ನೋಡಿದವರು ಮನೆಯಲ್ಲಿ ಯಾರೂ ಇಲ್ಲ. ಈಗ ನಾನು ಕೂಡಿಸುತ್ತೇನೆ, ಪೆನ್ನು ಹಿಡಿದುಕೊಂಡು ಕೂತುಕೊಳ್ಳಿ.

ಒಂದು ಲೋಟ ಎಮ್ಮೆ ಹಾಲು, 200 ಮಿಲಿ ಅಂದುಕೊಳ್ಳೋಣ. ಅದರಲ್ಲಿ ಸುಮಾರು 200 ಕ್ಯಾಲರಿ. ಗ್ಲೂಕೋಸ್ ಬಿಸ್ಕಿಟ್ ಒಂದಕ್ಕೆ 20ರಿಂದ 25 ಕ್ಯಾಲರಿ. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಅಂದರೆ ಹತ್ತಿರ ಹತ್ತಿರ 180. ಎಣ್ಣೆ ಸವರಿದ ಚಪಾತಿ ಒಂದಕ್ಕೆ 120. ನಮ್ಮ ಕಡೆ ಜೋಳದ ರೊಟ್ಟಿ ಅಗಲವಾಗಿ ಬಡಿಯುತ್ತಾರಲ್ವಾ, 50 ಗ್ರಾಂ ಹಿಟ್ಟಿಗಿಂತ ಕಡಿಮೆ ಹಿಡಿಯುವುದಿಲ್ಲ. ಒಂದಕ್ಕೆ 175-180 ಕ್ಯಾಲರಿ, ಎರಡಕ್ಕೆ 360. ಮೊಸರಿಗೆ ಇನ್ನೊಂದು 50. ರಾತ್ರಿಯ ಎರಡು ಬಟ್ಟಲು ಫುಡ್ 300 ಗ್ರಾಂ ಇದ್ದರೆ, 100 ಗ್ರಾಂಗೆ 350ರ ಲೆಕ್ಕದಲ್ಲಿ 1050. ಎಲ್ಲ ಸೇರಿ 1950 ದಾಟುತ್ತದೆ. ಭಾನುವಾರದ್ದು, ಹಬ್ಬದ್ದು, ಮಕ್ಕಳ ಕೈಯಿಂದ ಬಿದ್ದ ಚೂಡಾದ್ದು ಇದರಲ್ಲಿ ಸೇರಿಲ್ಲ.

ಜೂಲಿ ಎಷ್ಟಿರಬೇಕಿತ್ತು? ಹೆಣ್ಣು ಲ್ಯಾಬ್ರಡಾರ್ ಸಾಮಾನ್ಯವಾಗಿ 25ರಿಂದ 32 ಕೆಜಿ ಇರುತ್ತದೆ. ಅವಳನ್ನು ಕಣ್ಣಾರೆ ನೋಡದೆ ಖಚಿತ ಅಂಕಿ ಹೇಳುವುದು ಸರಿಯಲ್ಲ, ಆದರೂ ಲೆಕ್ಕಕ್ಕೆ 30 ಇಟ್ಟುಕೊಳ್ಳೋಣ. ಆಪರೇಷನ್ ಆದ, ಮನೆಯಲ್ಲೇ ಇರುವ 30 ಕೆಜಿ ನಾಯಿಗೆ ದಿನಕ್ಕೆ 1200ರಿಂದ 1400 ಕ್ಯಾಲರಿ ಸಾಕು. ನೀವು ಹಾಕುತ್ತಿರುವುದು ಹೆಚ್ಚುಕಡಿಮೆ 2000. ತೂಕ ಇಳಿಸಲು ನಾವು ಬೇರೆ ಲೆಕ್ಕ ಹಿಡಿಯುತ್ತೇವೆ. ಇರಬೇಕಾದ ತೂಕಕ್ಕೆ ಮೈ ಸುಮ್ನೆ ಮಲಗಿದಾಗ ಎಷ್ಟು ಬೇಕೋ ಅಷ್ಟು. 30 ಕೆಜಿಗೆ ಅದು ಸುಮಾರು 900 ಕ್ಯಾಲರಿ. ಅಂದರೆ ಈಗಿನ ಅರ್ಧಕ್ಕಿಂತ ಕಡಿಮೆ. ಈ ಅಂಕಿ ನೋಡಿ ಗಾಬರಿ ಆಗಬೇಡಿ, ಹೇಗೆ ಮಾಡುವುದು ಅಂತ ಮುಂದೆ ಹೇಳುತ್ತೇನೆ.

ಆಪರೇಷನ್ ಮಾಡಿಸಿದ್ದು ತಪ್ಪಾಯಿತೇ ಅನ್ನುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಅದು ಒಳ್ಳೆಯ ಕೆಲಸ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಹೆಣ್ಣುನಾಯಿಗಳನ್ನು ನೋಡಿದ ಯಾವ ಡಾಕ್ಟರೂ ಬೇರೆ ಮಾತಾಡುವುದಿಲ್ಲ. ಆದರೆ ಆಪರೇಷನ್ ಆದ ಮೇಲೆ ಮೈಗೆ ಬೇಕಾಗುವ ಊಟ ಕಾಲುಭಾಗದಷ್ಟು ತಗ್ಗುತ್ತದೆ, ಹಸಿವು ಮಾತ್ರ ಏರುತ್ತದೆ. ಹೊಲಿಗೆ ಬಿಚ್ಚುವ ದಿನವೇ ಇದನ್ನು ಮನೆಯವರಿಗೆ ಹೇಳಬೇಕು. ಬಹಳ ಕಡೆ ಹೇಳುವುದಿಲ್ಲ. ಅದು ನಮ್ಮ ವೃತ್ತಿಯವರ ಲೋಪ, ನಿಮ್ಮದಲ್ಲ.

ವಿದ್ಯಾಗಿರಿಯಿಂದ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಪೊಮೇರಿಯನ್ ತರುತ್ತಿದ್ದರು. 6 ಕೆಜಿ ಇರಬೇಕಾದದ್ದು 11 ಇತ್ತು. ಮೂರು ಸಲ 'ಊಟ ಕಡಿಮೆ ಮಾಡಿ' ಅಂದೆ, ಮೂರು ಸಲವೂ ತೂಕ ಏರಿಕೊಂಡೇ ಬಂತು. ನಾಲ್ಕನೇ ಸಲ ಅವರ ಮನೆಯವರಿಗೆ ಒಂದು ಕೆಲಸ ಹೇಳಿದೆ: 'ಏನೂ ಕಡಿಮೆ ಮಾಡಬೇಡಿ. ಎಂಟು ದಿನ ಯಾರು ಏನು ಕೊಟ್ಟರೂ ಬರೆಯಿರಿ, ಅಷ್ಟೇ.' ಎಂಟನೇ ದಿನ ಅವರು ಗೋಡೆಯ ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದರು. ಒಂದೊಂದು ತಾರೀಖಿನ ಚೌಕದಲ್ಲಿ ಸಣ್ಣ ಅಕ್ಷರ. 'ಟೋಸ್ಟ್ 1. ಉಪ್ಪಿಟ್ಟು ತುಸು. ಪಕ್ಕದ ಮನೆ ಹುಡುಗಿ ಬಿಸ್ಕಿಟ್ 2. ಇವರು ಶೇಂಗಾ ಒಂದು ಮುಷ್ಟಿ. ಹಾಲಿನ ಕೆನೆ.' ಮಂಗಳವಾರದ ಚೌಕ ಸಾಲದೆ ಪಕ್ಕದ ಚೌಕಕ್ಕೆ ಹರಿದಿತ್ತು. ಮೇಷ್ಟ್ರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಿದರು. ಆಮೇಲೆ ಹೆಂಡತಿ ಕಡೆ ತಿರುಗಿ, 'ಶೇಂಗಾ ಇಷ್ಟು ಸಲ ಕೊಟ್ಟೀನೇನು ನಾ?' ಅಂತ ಕೇಳಿದರು. ಆ ಪೊಮೇರಿಯನ್ ಒಂದು ವರ್ಷದೊಳಗೆ 7 ಕೆಜಿಗೆ ಬಂತು. ನಾನು ಕೊಟ್ಟ ಔಷಧ ಏನೂ ಇರಲಿಲ್ಲ.

ಹಾಗಾಗಿ ನಿಮ್ಮ ಮೊದಲ ವಾರದ ಕೆಲಸ ಇಷ್ಟೇ. ಕ್ಯಾಲೆಂಡರ್ ಪಕ್ಕದಲ್ಲಿ ಪೆನ್ನು ಕಟ್ಟಿ. ಯಾರನ್ನೂ ಬೈಯಬೇಡಿ, ಯಾರಿಗೂ ಬೇಡ ಅನ್ನಬೇಡಿ. ಬರೆಯಲಿ.

ಇನ್ನು ಅತ್ತೆಯವರ ವಿಷಯ. ನಮ್ಮ ಕಡೆ ಮನೆಗೆ ಬಂದವರಿಗೆ 'ಇನ್ನೊಂದು ರೊಟ್ಟಿ ಹಾಕ್ಕೋರಿ' ಅನ್ನದೆ ಊಟ ಮುಗಿಯುವುದಿಲ್ಲ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಉಣ್ಣಿಸುವುದೇ ನಮಗೆ ಗೊತ್ತಿರುವ ಪ್ರೀತಿ. ಬರಗಾಲ ಕಂಡ ನೆಲ ಇದು. ನಿಮ್ಮ ಅತ್ತೆಯವರ ವಯಸ್ಸಿನವರು ಒಂದು ಹೊತ್ತಿನ ಊಟಕ್ಕೆ ಪರದಾಡಿದ ಮನೆಗಳನ್ನು ಹತ್ತಿರದಿಂದ ನೋಡಿದವರು. ಅವರ ಪಾಲಿಗೆ ಮೈ ತುಂಬಿಕೊಂಡ ಜೀವ ಅಂದರೆ ಸುಖವಾಗಿರುವ ಜೀವ. ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಅವರು ಮತ್ತು ಜೂಲಿ. ಆ ರೊಟ್ಟಿ ಅವರಿಬ್ಬರ ಮಾತುಕತೆ. ಅದನ್ನು ಕಿತ್ತುಕೊಂಡರೆ ಜೂಲಿಯ ತೂಕ ಇಳಿಯಬಹುದು, ಆದರೆ ಒಬ್ಬ ಹಿರಿಯರ ಮಧ್ಯಾಹ್ನ ಖಾಲಿಯಾಗುತ್ತದೆ. ಅಂಥ ಸಲಹೆ ನಾನು ಕೊಡುವುದಿಲ್ಲ. ಅದರಿಂದ ಉಪಯೋಗವೂ ಇಲ್ಲ, ನೀವು ಆಫೀಸಿಗೆ ಹೋದ ಮೇಲೆ ರೊಟ್ಟಿ ಹೋಗುವ ಜಾಗಕ್ಕೆ ಹೋಗಿಯೇ ಹೋಗುತ್ತದೆ.

'ಆದರೆ ಅದಕ್ಕೆ ನಿಜವಾಗಿ ಹಸಿವಾಗುತ್ತದಲ್ಲ' ಅಂತ ಅವರು ಕೇಳಬಹುದು. ಕೇಳಿದರೆ ಅವರ ಮಾತು ನಿಜ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಲ್ಯಾಬ್ರಡಾರ್‌ಗಳಲ್ಲಿ ಒಂದು ಜೀನ್ ದೋಷ ಕಂಡುಹಿಡಿದರು. ಪಿ.ಓ.ಎಂ.ಸಿ. ಅನ್ನುವ ಜೀನಿನ ಒಂದು ತುಣುಕು ಕೆಲವು ನಾಯಿಗಳಲ್ಲಿ ಇರುವುದೇ ಇಲ್ಲ. ಹೊಟ್ಟೆ ತುಂಬಿತು, ಸಾಕು ಅಂತ ಮಿದುಳಿಗೆ ಹೇಳುವ ದಾರಿಯಲ್ಲಿ ಈ ಜೀನಿನ ಕೆಲಸ ಇದೆ. ಸುಮಾರು ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಈ ದೋಷ ಇರುತ್ತದೆ. ಅಂಥ ನಾಯಿಗೆ ಎರಡು ಊಟದ ನಡುವೆ ಹಸಿವು ಜಾಸ್ತಿ, ಸುಮ್ನೆ ಇದ್ದಾಗ ಮೈ ಸುಡುವ ಶಕ್ತಿ ಕಡಿಮೆ. ಜೂಲಿ ಆ ನಾಲ್ಕರಲ್ಲಿ ಒಂದೋ ಅಲ್ಲವೋ, ಅವಳು ಬಾಗಿಲಲ್ಲಿ ಕೂತು ಕಣ್ಣು ಕೀಳದೆ ನೋಡುವುದು ನಾಟಕ ಅಲ್ಲ. ಆದರೆ ಹಸಿವು ಆಗುವುದು ಬೇರೆ, ಮೈಗೆ ಊಟ ಬೇಕಾಗುವುದು ಬೇರೆ. ಆ ಹಸಿವನ್ನು ಕ್ಯಾಲರಿ ಏರಿಸದೆ ತಣಿಸುವುದೇ ನಮ್ಮ ಕೆಲಸ.

ಸಣ್ಣಗಿರುವುದರಿಂದ ಏನು ಸಿಗುತ್ತದೆ ಅನ್ನುವುದಕ್ಕೂ ಲ್ಯಾಬ್ರಡಾರ್‌ಗಳ ಮೇಲೆಯೇ ನಡೆದ ಒಳ್ಳೆಯ ಅಧ್ಯಯನ ಇದೆ. ನಾಯಿ ಫುಡ್ ಮಾಡುವ ಪುರಿನಾ ಕಂಪನಿಯವರು 48 ಮರಿಗಳನ್ನು ಜೋಡಿ ಜೋಡಿಯಾಗಿ ಸಾಕಿದರು. ಜೋಡಿಯಲ್ಲಿ ಇಬ್ಬರಿಗೂ ಅದೇ ಊಟ, ಆದರೆ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ. ಸಾಯುವ ತನಕ ಹಾಗೆಯೇ. ಫಲಿತಾಂಶ 2002ರಲ್ಲಿ ಹೊರಬಂತು. ಕಡಿಮೆ ತಿಂದ ನಾಯಿಗಳು ಸರಾಸರಿ 1.8 ವರ್ಷ ಹೆಚ್ಚು ಬದುಕಿದ್ದವು. ಕೀಲುನೋವಿಗೆ ಔಷಧ ಬೇಕಾದದ್ದು ಸುಮಾರು 3 ವರ್ಷ ತಡವಾಗಿ. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಜೂಲಿ ಅವರ ಜೊತೆ ಇನ್ನೂ ಎಷ್ಟು ಮಧ್ಯಾಹ್ನ ಕೂರಬಹುದು ಅನ್ನುವ ಲೆಕ್ಕ ಇದು.

ಈಗ ಕೈಯಿಂದ ನೋಡುವ ಪರೀಕ್ಷೆ. ತಕ್ಕಡಿಗಿಂತ ನಾನು ಇದನ್ನೇ ನಂಬುತ್ತೇನೆ. ನಿಮ್ಮ ಎಡಗೈಯನ್ನು ಮುಷ್ಟಿ ಕಟ್ಟಿ, ಬಲಗೈ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ. ನಾಯಿಯ ಪಕ್ಕೆಲುಬು ಹಾಗೆ ಚೂಪಾಗಿ ಸಿಕ್ಕರೆ ಅದು ಸೊರಗಿದೆ. ಈಗ ಮುಷ್ಟಿ ಬಿಚ್ಚಿ, ಅಂಗೈ ಕೆಳಗೆ ಮಾಡಿ, ಕೈಯ ಮೇಲ್ಭಾಗದಲ್ಲಿ ಗೆಣ್ಣಿನ ಸಾಲು ಸವರಿ. ತೆಳುವಾದ ಚರ್ಮದ ಕೆಳಗೆ ಗೆಣ್ಣು ಸಿಗುತ್ತದಲ್ಲ, ನಾಯಿಯ ಪಕ್ಕೆಲುಬು ಹಾಗೆ ಸಿಗಬೇಕು. ಕೈ ತಿರುಗಿಸಿ ಬೆರಳಿನ ಬುಡದ ಮೆತ್ತನೆ ಭಾಗ ಒತ್ತಿ ನೋಡಿ. ಪಕ್ಕೆಯಲ್ಲಿ ಹಾಗೆ ಮೆತ್ತಗೆ ಸಿಕ್ಕರೆ ಕೊಬ್ಬು ಜಾಸ್ತಿ. ನಂತರ ಜೂಲಿಯನ್ನು ನಿಲ್ಲಿಸಿ ಮೇಲಿನಿಂದ ನೋಡಿ, ಪಕ್ಕೆಯ ಹಿಂದೆ ಸೊಂಟ ಒಳಗೆ ಹೋಗಿರಬೇಕು. ಬದಿಯಿಂದ ನೋಡಿದರೆ ಎದೆಗಿಂತ ಹೊಟ್ಟೆ ಮೇಲಕ್ಕೆ ಎತ್ತಿಕೊಂಡಿರಬೇಕು. ಡಾಕ್ಟರುಗಳು ಇದಕ್ಕೆ 1ರಿಂದ 9ರ ತನಕ ಅಂಕ ಕೊಡುತ್ತಾರೆ. 4 ಅಥವಾ 5 ಬಂದರೆ ಸರಿ. 5ರ ಮೇಲೆ ಒಂದೊಂದು ಅಂಕಕ್ಕೂ ತೂಕ 10%ಗಿಂತ ಕಡಿಮೆ ಇಲ್ಲದಂತೆ ಏರಿರುತ್ತದೆ. ಜೂಲಿ 30ರ ಜಾಗದಲ್ಲಿ 42 ಇದ್ದಾಳೆ ಅಂದರೆ 9ರ ಹತ್ತಿರ ಇದ್ದಾಳೆ.

ಬಾಗಲಕೋಟೆ ಜಿಲ್ಲೆಯವರಾಗಿ ನಮಗೆ ಒಂದು ಅನುಕೂಲ ಇದೆ. ಆರೋಗ್ಯವಾದ ನಾಯಿಯ ಮೈ ಹೇಗಿರುತ್ತದೆ ಅಂತ ನೋಡಲು ಮುಧೋಳಕ್ಕೆ ಹೋದರೆ ಸಾಕು. ಅಲ್ಲಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಮುಧೋಳ ನಾಯಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ, ಮೈ ತಿರುಗಿಸಿದಾಗ ತೆಳ್ಳಗೆ ಕಾಣುವ ಪಕ್ಕೆಲುಬು. ಇಂಥ ನಾಯಿ ಸಾಕಿದವರಿಗೆ ರಸ್ತೆಯಲ್ಲಿ ಹೋಗುವವರು 'ಏನ್ರೀ, ನಾಯಿಗೆ ಊಟ ಹಾಕಂಗಿಲ್ಲೇನು?' ಅಂತ ಕೇಳುತ್ತಾರೆ. ಪಾಪ, ಕೆಲವರು ಆ ಮಾತು ಕೇಳಲಾರದೆ ಹಾಲು-ತುಪ್ಪ ಹಾಕಿ ಅದನ್ನೂ ಕೆಡಿಸುತ್ತಾರೆ. ಲ್ಯಾಬ್ರಡಾರ್ ಮೈಕಟ್ಟೇ ಬೇರೆ, ಜೂಲಿ ಮುಧೋಳದ ಹಾಗೆ ಆಗಬೇಕಿಲ್ಲ. ನಮ್ಮ ಕಣ್ಣಿಗೆ ದಪ್ಪ ನಾಯಿಯೇ 'ಸರಿಯಾದ ನಾಯಿ' ಅಂತ ಅಭ್ಯಾಸವಾಗಿಬಿಟ್ಟಿದೆ, ಆ ಕಣ್ಣನ್ನು ಮೊದಲು ತಿದ್ದಿಕೊಳ್ಳಬೇಕು ಅಂತ ಹೇಳಿದೆ ಅಷ್ಟೇ.

ಇನ್ನು ಊಟ. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ಒಂದು ತನ್ನಿ. ಬಟ್ಟಲಿನ ಅಳತೆ ನಂಬಬೇಡಿ. ಅದೇ ಬಟ್ಟಲಿನಲ್ಲಿ ನೀವು ಹಾಕಿದ್ದು 120 ಗ್ರಾಂ, ಯಜಮಾನರು ಹಾಕಿದ್ದು 160 ಗ್ರಾಂ ಇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಇಡೀ ದಿನದ ಫುಡ್ ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕಿ. 900 ಕ್ಯಾಲರಿಯಲ್ಲಿ 90ನ್ನು ತಿಂಡಿಗೆ ಅಂತ ತೆಗೆದಿಟ್ಟರೆ 810 ಉಳಿಯಿತು. 100 ಗ್ರಾಂಗೆ 350 ಕ್ಯಾಲರಿ ಇರುವ ಫುಡ್ ಆದರೆ ಅದು 230 ಗ್ರಾಂ. ನಿಮ್ಮ ಚೀಲದ ಮೇಲೆ ಎಷ್ಟು ಬರೆದಿದೆ ನೋಡಿ, ಅದರಂತೆ ಲೆಕ್ಕ ಬದಲಿಸಿ. ಅವತ್ತು ಜೂಲಿಗೆ ಯಾರು ಏನು ಕೊಡಬೇಕಿದ್ದರೂ ಆ ಡಬ್ಬಿಯಿಂದಲೇ ತೆಗೆಯಬೇಕು. ಮಕ್ಕಳು ಸ್ಕೂಲಿಗೆ ಹೋಗುವಾಗ ನಾಲ್ಕು ಕಾಳು ಕೊಡಲಿ, ಡಬ್ಬಿಯಿಂದ. ಯಜಮಾನರು ವಾಕಿಂಗ್ ಮುಗಿಸಿ ಬಂದಾಗ ಒಂದು ಹಿಡಿ ಕೊಡಲಿ, ಡಬ್ಬಿಯಿಂದ. ಡಬ್ಬಿ ಖಾಲಿ ಆಯಿತೋ, ಅವತ್ತಿನ ಊಟ ಮುಗಿಯಿತು.

ಆ ಡಬ್ಬಿ ಅತ್ತೆಯವರ ಕೈಯಲ್ಲಿರಲಿ. ಇದನ್ನು ನಾನು ಯೋಚಿಸಿಯೇ ಹೇಳುತ್ತಿದ್ದೇನೆ. ಈಗ ಅವರು ನಿಯಮ ಮುರಿಯುವವರು, ನೀವು ಕಾಯುವವರು. ಅವರನ್ನೇ ಯಜಮಾನಿ ಮಾಡಿ. 'ಅತ್ತೀ, ಡಾಕ್ಟ್ರು ನಿಮ್ಮ ಕೈಯಾಗೇ ಇರ್ಲಿ ಅಂದಾರ, ಹುಡುಗ್ರು ಜಾಸ್ತಿ ತಗೊಂಡ್ರ ನೀವೇ ಬೈರಿ' ಅನ್ನಿ. ಮನೆಯ ಹಿರಿಯರು ಲೆಕ್ಕ ಇಟ್ಟ ಹಾಗೆ ಬೇರೆ ಯಾರೂ ಇಡುವುದಿಲ್ಲ. ಧಾನ್ಯದ ಗುಮ್ಮಿ ಕಾದ ಕೈ ಅದು.

ರೊಟ್ಟಿಯನ್ನೂ ನಿಲ್ಲಿಸಬೇಡಿ. ಎರಡರ ಬದಲು ಅರ್ಧ. ಆ 90 ಕ್ಯಾಲರಿ ಅರ್ಧ ರೊಟ್ಟಿಗೇ ಸರಿಹೋಗುತ್ತದೆ. ಅರ್ಧ ರೊಟ್ಟಿಯನ್ನು ಒಂದೇ ಸಲ ಹಾಕಿದರೆ ಲ್ಯಾಬ್ರಡಾರ್ ಒಂದು ಗುಟುಕಿಗೆ ನುಂಗಿ ಮತ್ತೆ ನೋಡುತ್ತದೆ. ಉಗುರಿನಷ್ಟು ಉಗುರಿನಷ್ಟು ಮುರಿದರೆ ಇಪ್ಪತ್ತು ಚೂರು ಆಗುತ್ತವೆ. ನಾಯಿ ಚೂರಿನ ಗಾತ್ರ ಎಣಿಸುವುದಿಲ್ಲ, ಕೈ ಎಷ್ಟು ಸಲ ಬಂತು ಅಂತ ಎಣಿಸುತ್ತದೆ. ಮಧ್ಯಾಹ್ನ ಇಪ್ಪತ್ತು ಸಲ ಮಾತಾಡಿಸಿ, ಇಪ್ಪತ್ತು ಸಲ ಕೊಡಲಿ. ಹಾಲು, ಬಿಸ್ಕಿಟ್, ಚಪಾತಿ ಮಾತ್ರ ಪೂರ್ತಿ ಬಂದ್. ಇದರಲ್ಲಿ ರಾಜಿ ಬೇಡ.

ಹೊಟ್ಟೆ ತುಂಬಿದ ಹಾಗೆ ಆಗಲು ಸೌತೆಕಾಯಿ, ಬೇಯಿಸಿದ ಸೋರೆಕಾಯಿ, ಕುಂಬಳಕಾಯಿ, ಬೀನ್ಸ್ ಸೇರಿಸಿ. ಉಪ್ಪು, ಎಣ್ಣೆ, ಒಗ್ಗರಣೆ ಏನೂ ಬೇಡ. ಡಬ್ಬಿಯ ಫುಡ್ಡಿನಲ್ಲಿ ಒಂದಿಷ್ಟನ್ನು ಬಟ್ಟಲಿಗೆ ಹಾಕುವ ಬದಲು ಅಂಗಳದಲ್ಲಿ ಚೆಲ್ಲಿ, ಇಲ್ಲವೇ ಹಳೆ ಟವೆಲ್ಲಿನ ಮಡಿಕೆಯಲ್ಲಿ ಅಡಗಿಸಿ. ಎರಡು ನಿಮಿಷದ ಊಟ ಇಪ್ಪತ್ತು ನಿಮಿಷ ಆಗುತ್ತದೆ, ಮೂಸಿ ಹುಡುಕುವ ಕೆಲಸದಲ್ಲಿ ಅವಳ ಮನಸ್ಸೂ ತುಂಬುತ್ತದೆ. ಒಂದು ಎಚ್ಚರಿಕೆ. ಸಾಮಾನ್ಯ ಫುಡ್ಡನ್ನೇ ತೀರಾ ಕಡಿಮೆ ಮಾಡಿ ತಿಂಗಳುಗಟ್ಟಲೆ ಹಾಕಿದರೆ ಪ್ರೋಟೀನ್, ವಿಟಮಿನ್ ಸಾಲದೆ ಹೋಗಬಹುದು. ತೂಕ ಇಳಿಸಲಿಕ್ಕೆಂದೇ ಪ್ರೋಟೀನ್ ಮತ್ತು ನಾರು ಹೆಚ್ಚಿಟ್ಟು ಮಾಡಿದ ಫುಡ್ ಬರುತ್ತದೆ. ದುಬಾರಿ, ನಿಜ. ಆದರೆ ಆಚೀಚೆ ಕೊಡುತ್ತಿದ್ದ ಹಾಲು-ಬಿಸ್ಕಿಟ್ ಖರ್ಚು ಉಳಿಯುತ್ತದಲ್ಲ. ನಿಮ್ಮ ಡಾಕ್ಟರ ಹತ್ತಿರ ಕೇಳಿ ಆರಿಸಿಕೊಳ್ಳಿ. ಉಪವಾಸ ಮಾತ್ರ ಹಾಕಬೇಡಿ.

ಔಷಧ ಕೇಳಿದ್ದೀರಿ. ಕೊಬ್ಬು ಕರಗಿಸುವ ಮಾತ್ರೆ ಅಂತ ಮನುಷ್ಯರಿಗೆ ಮಾರುವ ಯಾವುದನ್ನೂ ಕೊಡಬೇಡಿ. ಹಿಂಗಾಲು ಎಳೆಯುತ್ತಾಳೆ ಅಂತ ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡುವವರಿದ್ದಾರೆ. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಕಿಡ್ನಿ ಕೆಡುತ್ತದೆ. ಕಾಲು ಎಳೆಯುವುದಕ್ಕೆ ಎಕ್ಸ್‌ರೇ ಮಾಡಿಸಿ. ಕೀಲು ಸವೆದಿದ್ದರೆ ನಾಯಿಗೇ ಆಗುವ ನೋವಿನ ಔಷಧ ಇದೆ. ನೋವು ತಗ್ಗಿದರೆ ನಡೆಯುತ್ತಾಳೆ, ನಡೆದರೆ ಉಳಿದದ್ದು ಸುಲಭ.

ನಡಿಗೆ ಬಗ್ಗೆ ಬಹಳ ಹೇಳುವುದಿಲ್ಲ, ತೂಕ ಇಳಿಯುವುದು ಬಹುಪಾಲು ಊಟದಿಂದ. ನವನಗರದ ರಸ್ತೆಗಳು ಅಗಲವಾಗಿವೆ, ನಡೆಸಲು ಒಳ್ಳೆಯ ಜಾಗ. ಮೊದಲ ವಾರ ಬೆಳಿಗ್ಗೆ 15 ನಿಮಿಷ, ಸಂಜೆ 15 ನಿಮಿಷ, ಅವಳ ನಡಿಗೆಯಲ್ಲೇ. ವಾರಕ್ಕೆ ಐದೈದು ನಿಮಿಷ ಏರಿಸಿ. ಓಡಿಸಬೇಡಿ, ಮೆಟ್ಟಿಲು ಹತ್ತಿಸಬೇಡಿ. ನಮ್ಮ ಕಡೆ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟು. ಕೊಬ್ಬಿದ ನಾಯಿಗೆ ಅದೂ ಸರಿಯಾಗಿ ಆಗುವುದಿಲ್ಲ. ಬಿಸಿಲು ಏರುವ ಮೊದಲೇ ಮನೆ ಸೇರಿ. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಐದು ಎಣಿಸುವ ತನಕ ಇಡಲು ಆಗದಿದ್ದರೆ ಅವಳ ಪಾದಕ್ಕೂ ಆಗುವುದಿಲ್ಲ. ನಾಲಿಗೆ ಕಡುಕೆಂಪಾಗಿ, ಜೊಲ್ಲು ಸುರಿದು, ತೂರಾಡಿದರೆ ಅದು ಬಿಸಿಲಿನ ಹೊಡೆತ. ಮೈ ಮೇಲೆ ನೀರು ಸುರಿದು, ಫ್ಯಾನ್ ಹಾಕಿ, ತಡಮಾಡದೆ ಆಸ್ಪತ್ರೆಗೆ ಓಡಿ. ಬೆಳಗಾವಿಯ ಓದುಗರಿಗೆ ಇದರ ಉಲ್ಟಾ ತೊಂದರೆ. ಮಳೆಗಾಲದಲ್ಲಿ ವಾರಗಟ್ಟಲೆ ನಾಯಿ ಹೊರಗೆ ಹೋಗುವುದೇ ಇಲ್ಲ, ಊಟ ಮಾತ್ರ ಬೇಸಿಗೆಯಷ್ಟೇ. ಆ ತಿಂಗಳುಗಳಲ್ಲಿ ಡಬ್ಬಿಯ ಅಳತೆ ಸ್ವಲ್ಪ ತಗ್ಗಿಸಬೇಕು.

ಹಬ್ಬದ ಮಾತು ಬಂದೇ ಬರುತ್ತದೆ. ಪಂಚಮಿ ಉಂಡಿ, ಶೇಂಗಾ ಹೋಳಿಗೆ, ಅಮೀನಗಡದ ಕರದಂಟು, ಯಾವುದೂ ಜೂಲಿಗೆ ಬೇಡ. ಶೇಂಗಾ ವಿಷ ಅಲ್ಲ, ಆದರೆ ಅದರಲ್ಲಿ ಅರ್ಧದಷ್ಟು ಎಣ್ಣೆಯೇ. ದಪ್ಪ ನಾಯಿ ಒಂದೇ ಸಲ ಜಿಡ್ಡು ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರಬಹುದು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ವಿಜಯಪುರದ ಕಡೆ ಮನೆಮನೆಯಲ್ಲೂ ಒಣದ್ರಾಕ್ಷಿ ಇರುತ್ತದೆ, ಅಲ್ಲಿಯವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಗಿರಮಿಟ್ಟಿನಲ್ಲಿ, ರೊಟ್ಟಿ ಜೊತೆಯಲ್ಲಿ ಇರುವ ಈರುಳ್ಳಿ, ಬೆಳ್ಳುಳ್ಳಿ ಕೂಡ ರಕ್ತಕ್ಕೆ ಕೆಟ್ಟದ್ದು. ಅರ್ಧ ರೊಟ್ಟಿ ಅಂದರೆ ಬರೀ ರೊಟ್ಟಿ.

ಶಾಕಾಹಾರಿ ಮನೆಗಳಿಂದಲೂ ನನಗೆ ಇಂಥ ಪತ್ರಗಳು ಬರುತ್ತವೆ. ಬರೀ ಹಾಲು-ಅನ್ನ, ಹಾಲು-ರೊಟ್ಟಿ ತಿಂದ ನಾಯಿ ಒಂದೇ ಹೊತ್ತಿಗೆ ದಪ್ಪವೂ ಆಗಿರುತ್ತದೆ, ಒಳಗೆ ಸೊರಗಿಯೂ ಇರುತ್ತದೆ. ಮೈಯಲ್ಲಿ ಕೊಬ್ಬು, ಸ್ನಾಯು ಇಲ್ಲ, ಕೂದಲಿಗೆ ಹೊಳಪಿಲ್ಲ. ಮೊಟ್ಟೆ, ಮಾಂಸ ಮನೆಯೊಳಗೆ ತರದವರು ನಾಯಿಗೆಂದೇ ಮಾಡಿದ ಫುಡ್ಡನ್ನು ಅಳತೆಯಲ್ಲಿ ಹಾಕುವುದು ಮೇಲು. ಬೆಕ್ಕು ಸಾಕಿದವರಿಗೂ ಒಂದು ಮಾತು. ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು, ಹಾಲು-ಅನ್ನದಲ್ಲಿ ಅದು ಬದುಕಲಾರದು. ದಪ್ಪ ಬೆಕ್ಕಿನ ಊಟವನ್ನು ಎಂದೂ ಒಮ್ಮೆಲೇ ನಿಲ್ಲಿಸಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಲಿವರಿಗೆ ಕೊಬ್ಬು ಇಳಿದು ಸಾಯುವ ಅಪಾಯ ಇದೆ. ಬೆಕ್ಕಿನ ತೂಕ ಡಾಕ್ಟರ ಕಣ್ಣಮುಂದೆಯೇ ಇಳಿಯಬೇಕು.

ಜೂಲಿ ವಾರಕ್ಕೆ ಈಗಿನ ತೂಕದ 1% ಇಳಿದರೆ ಸಾಕು, 400 ಗ್ರಾಂ ಆಸುಪಾಸು. ಹಾಗೆ ನೋಡಿದರೆ 30ಕ್ಕೆ ಬರಲು ಏಳೆಂಟು ತಿಂಗಳು ಬೇಕು. ಆತುರ ಬೇಡ. 42 ಕೆಜಿ ನಾಯಿಯನ್ನು ಎತ್ತಿಕೊಂಡು ಮನೆಯ ತಕ್ಕಡಿ ಮೇಲೆ ನಿಲ್ಲಲು ಆಗುವುದಿಲ್ಲ. ಆಸ್ಪತ್ರೆ ದೂರ ಆದರೆ ಚೀಲ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇರುವ ಕಾಳುಕಡಿ ಅಂಗಡಿಯಲ್ಲಿ ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. ಹದಿನೈದು ದಿನಕ್ಕೊಮ್ಮೆ, ಅದೇ ತಕ್ಕಡಿ, ಬೆಳಿಗ್ಗೆ ಊಟಕ್ಕೆ ಮೊದಲು. ಮೊದಲ ತಿಂಗಳು ಒಂದೂವರೆ ಕೆಜಿ ಇಳಿದರೆ ದಾರಿ ಸರಿ ಇದೆ. ಏನೂ ಇಳಿಯದಿದ್ದರೆ ಮೊದಲು ಕ್ಯಾಲೆಂಡರ್ ನೋಡಿ, ಪಕ್ಕದ ಮನೆಯನ್ನೂ ಸೇರಿಸಿ ನೋಡಿ. ಕ್ಯಾಲೆಂಡರ್ ಸ್ವಚ್ಛ ಇದ್ದರೆ ನಿಮ್ಮ ಡಾಕ್ಟರಿಗೆ ತೋರಿಸಿ ಡಬ್ಬಿಯ ಅಳತೆ 10% ತಗ್ಗಿಸಿ. ಅದಕ್ಕೂ ಬಗ್ಗದಿದ್ದರೆ ಥೈರಾಯ್ಡ್ ಕಡೆ ಮತ್ತೆ ತಿರುಗೋಣ.

ತೂಗಿಸಲು ಹೋಗುವ ದಿನ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅಂಕಿ ಅವರೇ ಓದಿ, ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಅವರೇ ಬರೆಯಲಿ.